ಗೃಹಗೊಬ್ಬರ ಮೀಮಾಂಸೆ: ಕೆಮ್ಮಣ್ಣು ಪಾಠ

ಶಾಸ್ತ್ರವೆಂದ ಮೇಲೆ ಅನುಬಂಧಚತುಷ್ಟಯ ಬೇಕು. ವಿಷಯ: ಬಾಳೆಸಿಪ್ಪೆ, ಹಲಸಿನ ರೆಚ್ಚೆ, ಬಸಳೆಯ ಒಣದಂಟು, ಚಾದ ಚರಟ ಮೊದಲಾದವುಗಳ ಮರಣೋತ್ತರ ಗತಿ. ಪ್ರಯೋಜನ: ಗೊಬ್ಬರ. ಅಧಿಕಾರಿ: ಮೂಗು ಇದ್ದೂ ವೈರಾಗ್ಯ ಸಾಧಿಸಿದವನು. ಸಂಬಂಧ: ನೆರೆಮನೆಯವರೊಡನೆ ಈವರೆಗೆ ಉಳಿದುಬಂದಿರುವುದು.

ಪೂರ್ವಪಕ್ಷವನ್ನು ಮಂಡಿಸಿದವರು ದೊಡ್ಡಮ್ಮ. "ತೆಂಗಿನ ಬುಡಕ್ಕೆ ಬಿಸಾಡು ಮಾರಾಯ, ಅದಕ್ಕೆಂತ ಸಿಸ್ಟಮ್ಮು?" ಈ ಪಕ್ಷ ಬಲು ಪ್ರಾಚೀನ. ಗುಡ್ಡೆಯಿಂದ ಸೊಪ್ಪು ತಂದು ಹಟ್ಟಿಗೆ ಹಾಸುತ್ತಿದ್ದರು; ದನ ಅದರ ಮೇಲೆ ಮಲಗಿ, ಸೆಗಣಿ ಗಂಜಲ ಬೆರೆಸಿ, ತುಳಿದು ಕೊಡುತ್ತಿತ್ತು. ಅದನ್ನು ಬಾಚಿ ರಾಶಿ ಹಾಕಿದರೆ ಮಳೆ ಹಿಡಿಯುವ ಹೊತ್ತಿಗೆ ಗದ್ದೆಗೆ ತಯಾರು. ಜತೆಗೆ ಸುಡುಮಣ್ಣು. ಮೀನು ತೊಳೆದ ನೀರು ಬಸಳೆ ಚಪ್ಪರದ ಬುಡಕ್ಕೆ. ಗೊಬ್ಬರದ ರಾಶಿಯಲ್ಲಿ ಇಂಗಾಲ ಮತ್ತು ಸಾರಜನಕದ ಅನುಪಾತ ಸುಮಾರು 25ರಿಂದ 30ಕ್ಕೆ 1 ಇರಬೇಕೆಂದು ವಿಜ್ಞಾನ ಹೇಳುತ್ತದೆ. ಸೊಪ್ಪುಸದೆಯಲ್ಲಿ ಮೊದಲನೆಯದು ಹೆಚ್ಚು, ಸೆಗಣಿ ಗಂಜಲದಲ್ಲಿ ಎರಡನೆಯದು. ಹಟ್ಟಿಯವರು ಇದನ್ನೆಲ್ಲ ಕಣ್ಣಳತೆಯಲ್ಲೇ ಹೊಂದಿಸಿದ್ದರು. ಆದರೆ ಲೆಕ್ಕದ ಹಂತಗಳನ್ನು ಬರೆಯದೆ ಬರೀ ಉತ್ತರ ಬರೆದ ಹುಡುಗನಿಗೆ ಪೂರ್ತಿ ಅಂಕ ಕೊಡುವ ಸಂಪ್ರದಾಯ ನಮ್ಮಲ್ಲಿಲ್ಲ. ಆದಕಾರಣ ಪೂರ್ವಪಕ್ಷ ಬಿದ್ದುಹೋಯಿತು.

ಇನ್ನು ಆಚಾರ್ಯಪರಂಪರೆ. 1924ರಿಂದ 1931ರವರೆಗೆ ಇಂದೋರಿನಲ್ಲಿದ್ದ ಆಲ್ಬರ್ಟ್ ಹೋವರ್ಡರ ಮತದಲ್ಲಿ ರಾಶಿಯನ್ನು ಆಗಾಗ ಮಗುಚಬೇಕು, ಗಾಳಿಯೇ ಮುಖ್ಯ. 1939ರ ಬೆಂಗಳೂರು ಮತದ ಪ್ರವರ್ತಕರು ಸಿ. ಎನ್. ಆಚಾರ್ಯ (ಮಠಾಧಿಪತಿಗಳಲ್ಲ, ವಿಜ್ಞಾನಿ). ಅವರ ಪ್ರಕಾರ ಗುಂಡಿ ತುಂಬಿಸಿ, ಮೇಲೆ ಕೆಸರು ಮೆತ್ತಿ, ತಿಂಗಳುಗಟ್ಟಲೆ ಮುಟ್ಟಬಾರದು. ಒಂದಕ್ಕೆ ಸೊಂಟ ಬೇಕು, ಇನ್ನೊಂದಕ್ಕೆ ತಾಳ್ಮೆ. ಎರಡೂ ಇಲ್ಲದ ಲೇಖಕನು ಎರಡನ್ನೂ ಸಮಾನವಾಗಿ ಗೌರವಿಸುತ್ತಾನೆ. ಗುಂಡಿಯ ಮತವನ್ನು ಮಾತ್ರ ನಮ್ಮೂರು ಕೆಮ್ಮಣ್ಣಿನ ಮಳೆಯೇ ಖಂಡಿಸುತ್ತದೆ. ವರ್ಷಕ್ಕೆ ಹತ್ತಿರಹತ್ತಿರ 4,000 ಮಿಲಿಮೀಟರ್ ಸುರಿಯುವ ಸೀಮೆ, ಒಂದು ಮಗ್ಗುಲಲ್ಲಿ ಸ್ವರ್ಣಾ ಹೊಳೆ, ಇನ್ನೊಂದರಲ್ಲಿ ಕಡಲು. ಆಷಾಢದಲ್ಲಿ ಇಲ್ಲಿ ಗುಂಡಿ ತೋಡಿದವನಿಗೆ ಸಿಗುವುದು ಬಾವಿ. ಆದ್ದರಿಂದ ನೆಲದ ಮೇಲೆ, ಮಾಡಿನ ಕೆಳಗೆ, ಮುಚ್ಚಳವಿರುವ ತೂತಿನ ಡ್ರಮ್ಮೇ ಸಿದ್ಧಾಂತ.

ಭೇದಪ್ರಕರಣದಲ್ಲಿ ಉಡುಪಿಗೆ ಹೊರಗಿನವರ ಪಾಠ ಬೇಕಿಲ್ಲ. ಮಧ್ವಾಚಾರ್ಯರು ಸಾರಿದ ಪಂಚಭೇದಗಳಲ್ಲಿ ಜಡಕ್ಕೂ ಜಡಕ್ಕೂ ಇರುವ ಭೇದವೂ ಒಂದು. ಬಾಳೆಸಿಪ್ಪೆ ಒಂದು ಜಡ, ಹಾಲಿನ ಪ್ಯಾಕೆಟ್ಟು ಇನ್ನೊಂದು. ಇವು ಎಂದಿಗೂ ಒಂದಲ್ಲ. ಏಳು ಶತಮಾನ ಕಳೆದು 2016ರ ಘನತ್ಯಾಜ್ಯ ನಿಯಮಗಳು ಹಸಿ, ಒಣ, ಅಪಾಯಕಾರಿ ಎಂದು ಇದನ್ನೇ ಸರಕಾರಿ ಭಾಷೆಯಲ್ಲಿ ಹೇಳಿದವು. ನಮ್ಮದೇ ಜಿಲ್ಲೆಯ ವಂಡ್ಸೆ ಪಂಚಾಯತಿನವರು ಕಸವನ್ನು ಸಂಪನ್ಮೂಲವೆಂದು ಕರೆದು, ಬೇರ್ಪಡಿಸಿ, ಭೇದವಾದವನ್ನು ಕೈಯಾರೆ ಮಾಡಿ ತೋರಿಸಿದರು. ಆದರೂ ಕಸದ ವಿಚಾರದಲ್ಲಿ ಮಾತ್ರ ಅದ್ವೈತಿಗಳಾಗುವವರು ಮನೆಮನೆಯಲ್ಲಿದ್ದಾರೆ. ಎಲ್ಲವನ್ನೂ ಒಂದೇ ತೊಟ್ಟೆಗೆ ತುಂಬಿ, ಗಂಟು ಬಿಗಿದು, ಕತ್ತಲಾದ ಮೇಲೆ ಸ್ಕೂಟರಿನಲ್ಲಿ ಹೋಗಿ ಸೇತುವೆಯ ಮೇಲಿಂದ ಲೀನಗೊಳಿಸುತ್ತಾರೆ.

ಪ್ರಯೋಗ ಸರಳ. ತಳಕ್ಕೆ ತರಗೆಲೆ, ಅದರ ಮೇಲೆ ಹಸಿ ಕಸ, ಒಂದು ಹಿಡಿ ಹಳೇ ಗೊಬ್ಬರ, ಪುನಃ ತರಗೆಲೆ. ಪರೀಕ್ಷೆಗೆ ಮೂರು ಪ್ರಮಾಣಗಳು. ಪ್ರತ್ಯಕ್ಷ: ಒಳಗೆ ಕೈಯಿಟ್ಟರೆ ಬೆಚ್ಚಗಿರಬೇಕು (ದೊಡ್ಡ ರಾಶಿ 60 ಡಿಗ್ರಿ ಮುಟ್ಟುತ್ತದೆ, ಡ್ರಮ್ಮಿಗೆ ಅಷ್ಟು ತೇಜಸ್ಸಿಲ್ಲ). ಅನುಮಾನ: ಎಲ್ಲಿ ನಾತವೋ ಅಲ್ಲಿ ಗಾಳಿಯ ಅಭಾವ; ತರಗೆಲೆ ಹಾಕಿ ಮಗುಚುವುದೇ ಪರಿಹಾರ. ಆಗಮ: ಪಾಗಾರದ ಆಚೆಯಿಂದ ಬರುವ ಮಾತು. ಇದು ಉಳಿದೆರಡಕ್ಕಿಂತ ಪ್ರಬಲ. ಬೂತಾಯಿಯ ತಲೆಯನ್ನು ಹಾಕಬಹುದೇ ಎಂಬಲ್ಲಿ ಗ್ರಂಥಗಳೆಲ್ಲ ನಿಷೇಧದ ಪರ. ನಮ್ಮಲ್ಲಿ ಚರ್ಚೆ ಮುಗಿಯುವ ಮೊದಲೇ ಬೆಕ್ಕು ತೀರ್ಪು ಕೊಟ್ಟಿತು.

ಎರಡು ಮೂರು ತಿಂಗಳಿಗೆ ಕಪ್ಪಗೆ, ಪುಡಿಪುಡಿಯಾಗಿ, ಮೊದಲ ಮಳೆಯ ಮಣ್ಣಿನ ವಾಸನೆಯ ಗೊಬ್ಬರ ಸಿದ್ಧ. ವಿನಿಯೋಗ ಎಲ್ಲಿ? ಗದ್ದೆ ಹಡಿಲು ಬಿದ್ದಿದೆ, ಅಂಗಳಕ್ಕೆ ಇಂಟರ್‌ಲಾಕ್ ಬಂದಿದೆ. ಉಳಿದದ್ದು ಟೆರೇಸಿನ ಶಂಕರಪುರ ಮಲ್ಲಿಗೆಯ ಕುಂಡಗಳು. ಅವುಗಳ ಹಸಿವು ಎರಡು ಬೊಗಸೆಗೆ ತೀರುತ್ತದೆ. ಮಿಕ್ಕ ಗೋಣಿಗಳಿಗೆ ಜಾಗ ಮಾಡಲು ಕಾರನ್ನು ಶೆಡ್ಡಿನಿಂದ ಹೊರಗೆ ನಿಲ್ಲಿಸಲಾಗಿದೆ. ಆ ಶೆಡ್ಡು ಮೊದಲು ಹಟ್ಟಿಯಾಗಿತ್ತು ಎಂಬ ದೊಡ್ಡಮ್ಮನ ಆಕ್ಷೇಪವು ಪ್ರಕೃತ ಅಪ್ರಸ್ತುತ.