ಒಂದು ಲೋಟ ನೀರಿನ ಅರ್ಥಶಾಸ್ತ್ರ

ಬೆಲೆ ಏರಿತು ಎಂದರೆ ನಮ್ಮ ಮನೆಯಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಮೈಕೊಡವಿ ಏಳುತ್ತಾರೆ. ಒಬ್ಬರು ನಮ್ಮ ಯಜಮಾನರು. ಅವರ ಬಂಡವಾಳ ಬಾಯಿ. ಇನ್ನೊಬ್ಬರು ನಮ್ಮತ್ತೆ, ಅವರ ಬಂಡವಾಳ ನೀರು.

ಯಜಮಾನರು ಪೇಪರ್ ಮಡಚಿಟ್ಟವರೇ ಫ್ಯಾನ್ ಆರಿಸುತ್ತಾರೆ, ಅದರ ಕೆಳಗೇ ನಾವು ಕೂತಿದ್ದರೂ. “ಗೃಹಜ್ಯೋತಿ ಇದೆಯಲ್ಲ, 200 ಯೂನಿಟ್‌ವರೆಗೆ ಬಿಲ್ಲೇ ಇಲ್ಲ” ಎಂದರೆ, “ಎಲ್ಲರಿಗೂ 200 ಅಲ್ಲ ಕಣೇ, ನಮ್ಮ ಹಳೇ ಸರಾಸರಿಯ ಮೇಲೆ ಒಂಚೂರು ಅಷ್ಟೇ” ಎಂದು ಬೆವರೊರೆಸಿಕೊಳ್ಳುತ್ತಲೇ ಪಾಠ ಮಾಡುತ್ತಾರೆ. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ಸು ಫ್ರೀ ಆದಾಗಲಂತೂ ಕೆ.ಆರ್. ಮಾರ್ಕೆಟ್‌ನಿಂದಲೇ ತರಕಾರಿ ತರಬೇಕೆಂದು ಫರ್ಮಾನು ಹೊರಡಿಸಿದರು. ಚೀಲ ಹೊರಲು ಜೊತೆಗೆ ತಾವೂ ಬಂದರು. ಅವರ ಟಿಕೆಟ್ಟು, ಆಯಾಸಕ್ಕೊಂದು ಮಸಾಲೆ ದೋಸೆ, ಬಿಸಿಲಿಗೆ ಎಳನೀರು. ಉಳಿದದ್ದು ಒಂದು ಕಟ್ಟು ಕೊತ್ತಂಬರಿ.

ಅತ್ತೆ ಫರ್ಮಾನು ಹೊರಡಿಸುವವರಲ್ಲ. ಸದ್ದಿಲ್ಲದೆ ಒಂದು ಲೋಟ ನೀರು ಸೇರಿಸುವವರು. ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ ಬಗ್ಗಿಸಿದ ಮೇಲೆ ಒಳಗೆ ನೀರು ಹಾಕಿ ಕುಲುಕಿ, ಅದನ್ನೂ ಪಾತ್ರೆಗೆ ಸುರಿಯುತ್ತಾರೆ. ಶಾಂಪೂ ಬಾಟಲಿಗೂ ಅದೇ ಸಂಸ್ಕಾರ. ತಳಕ್ಕಂಟಿದ ಟೊಮೇಟೊ ಸಾಸಿಗೂ ಅದೇ. 2023ರ ಜುಲೈನಲ್ಲಿ ಟೊಮೇಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ಊರೆಲ್ಲ ಬೊಬ್ಬೆ ಹೊಡೆದರೆ, ಇವರು ನಿಂಬೆಗಾತ್ರದ ಹುಣಸೆಹಣ್ಣನ್ನು ನೀರಲ್ಲಿ ನೆನೆಹಾಕಿದರು. ಮೊದಲು ಹಿಂಡಿದ್ದು ಸಾರಿಗೆ, ಎರಡನೆಯದು ಗೊಜ್ಜಿಗೆ, ಉಳಿದ ಸಿಪ್ಪೆ ದೇವರ ದೀಪ ತಿಕ್ಕಲು.

ಅವರ ಶಾಸ್ತ್ರದ ಶಿಖರ ಬಸ್ಸಾರು. ಹುರುಳಿಕಾಳೋ ತೊಗರಿಬೇಳೆಯೋ, ಜೊತೆಗೆ ದಂಟಿನ ಸೊಪ್ಪು, ಧಾರಾಳ ನೀರು. ಬೆಂದ ಮೇಲೆ ಬಸಿದ ಕಟ್ಟಿಗೆ ಖಾರ ರುಬ್ಬಿ ಹಾಕಿದರೆ ಸಾರು. ಜರಡಿಯಲ್ಲಿ ಉಳಿದ ಕಾಳು-ಸೊಪ್ಪು ಒಗ್ಗರಣೆ ಕಂಡರೆ ಪಲ್ಯ. ಒಂದೇ ಬೇಯಿಸುವಿಕೆ, ಎರಡು ಅಡುಗೆ, ಸಿಲಿಂಡರ್‌ಗೂ ವಿಶ್ರಾಂತಿ. ಇದನ್ನು ಕಂಡುಹಿಡಿದ ಹಳೇ ಮೈಸೂರಿನ ಯಾವುದೋ ಅಜ್ಜಿಯ ಹೆಸರು ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಆಕೆಗೊಂದು ಪ್ರತಿಮೆ ನಿಲ್ಲಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಬೇಳೆ ಅರ್ಧ ಗಂಟೆ ನೆನೆದರೆ ಬೇಗ ಬೇಯುತ್ತದೆ, ಕುಕ್ಕರ್ ಕೂಗಿದ ಮೇಲೆ ಉರಿ ಸಣ್ಣಗಾಗಬೇಕು, ಅಕ್ಕಚ್ಚು ಕರಿಬೇವಿನ ಗಿಡಕ್ಕೆ ಹೋಗಬೇಕು. ಇವೆಲ್ಲ ನಮ್ಮನೆಯಲ್ಲಿ ಸಂವಿಧಾನದಷ್ಟೇ ಗಟ್ಟಿ.

ಆದರೆ ನೀರಿಗೂ ಒಂದು ಮಿತಿ ಇದೆಯಲ್ಲ. “ಅಮ್ಮಾ, ಇದು ಸಾರೋ, ತೀರ್ಥವೋ?” ಎಂದು ಒಂದು ದಿನ ಯಜಮಾನರು ತಟ್ಟೆಯಲ್ಲೇ ಬೇಳೆಗಾಗಿ ಶೋಧ ನಡೆಸಿದರು. “ನೀನು ತಿನ್ನೋ ಐದು ರೂಪಾಯಿ ಬಿಸ್ಕತ್ತಿನ ಪೊಟ್ಟಣ ವರ್ಷ ವರ್ಷ ಸಣ್ಣ ಆಗ್ತಿದೆ, ಅವರನ್ನ ಕೇಳಿದ್ಯೇನೋ?” ಅಂದರು ಅತ್ತೆ. ಮಗ ತೀರ್ಥ ಕುಡಿದು ಕೈ ತೊಳೆದ.

ಅತ್ತೆಗೆ ನಿಜವಾದ ಪೆಟ್ಟು ಬಿದ್ದದ್ದು ಹಾಲಿನಲ್ಲಿ. 2024ರ ಜೂನ್‌ನಲ್ಲಿ ನಂದಿನಿ ಪ್ಯಾಕೆಟ್ಟಿಗೆ ಎರಡು ರೂಪಾಯಿ ಏರಿಸಿ 50 ಎಂ.ಎಲ್. ಹಾಲು ಹೆಚ್ಚಿಗೆ ಕೊಟ್ಟರು. ಅತ್ತೆ ಅಷ್ಟನ್ನೂ ಬೇರೆ ಎತ್ತಿಟ್ಟು ಹೆಪ್ಪು ಹಾಕಿ ಒಂದು ಪುಟ್ಟ ಮಜ್ಜಿಗೆ ಸಾಮ್ರಾಜ್ಯ ಕಟ್ಟಿದರು. 2025ರ ಏಪ್ರಿಲ್ 1ರಿಂದ ಲೀಟರಿಗೆ ನಾಲ್ಕು ರೂಪಾಯಿ ಏರಿತು, ಆ 50 ಎಂ.ಎಲ್. ಕೂಡ ವಾಪಸ್ಸಾಯಿತು. ಯಜಮಾನರು ಏಪ್ರಿಲ್ ಫೂಲ್ ಇರಬೇಕೆಂದು ಸಂಜೆಯವರೆಗೆ ಕಾದರು. ಅತ್ತೆ ಕಾಯಲಿಲ್ಲ. ಆ 50 ಎಂ.ಎಲ್. ಅನ್ನು ನಲ್ಲಿಯಿಂದ ಭರ್ತಿ ಮಾಡಿದರು.

ಅದೇ ತಿಂಗಳು, ಹಾಲಿನ ಲೆಕ್ಕ ಸರಿಹೋಗುವ ಮೊದಲೇ, ಹನ್ನೊಂದು ವರ್ಷಗಳ ಬಳಿಕ ಬೆಂಗಳೂರಿನಲ್ಲಿ ಜಲಮಂಡಳಿಯ ನೀರಿನ ದರವೂ ಏರಿತು. ಯಜಮಾನರು ಸುದ್ದಿಯನ್ನು ಜೋರಾಗಿ ಓದಿ ಅಡುಗೆಮನೆಯತ್ತ ನೋಡಿದರು. ಅತ್ತೆ ಸ್ವಲ್ಪ ಹೊತ್ತು ಯೋಚಿಸಿ ಕೇಳಿದರು: “ಹಾಗಾದರೆ ಇನ್ನುಮೇಲೆ ನೀರಿಗೆ ಏನು ಬೆರೆಸೋದು?”

ಓದುಗರಲ್ಲಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಅತ್ತೆ ಕಾಯುತ್ತಿದ್ದಾರೆ.