ಕೊಂಡಜ್ಜಿ ಪೀತಪುಷ್ಪ ಮೀಮಾಂಸೆ

ಕೊಂಡಜ್ಜಿ ಕೆರೆಯ ಏರಿಯಿಂದ ಸ್ಕೌಟ್ ಶಿಬಿರದತನಕ ನೆಲಕ್ಕಂಟಿ ಬೆಳೆದು ಹಳದಿ ಹೂ ಬಿಡುವ ಸಕಲ ಸಸ್ಯಗಳಿಗೂ ಲೋಕ ಇಟ್ಟ ಹೆಸರು ಒಂದೇ: ಕಳೆ. ಇದು ಪೂರ್ವಪಕ್ಷ. ಇದರ ಖಂಡನೆಯೇ ಈ ಗ್ರಂಥದ ಪ್ರಯೋಜನ.

ಬಣ್ಣ ಪ್ರಮಾಣವಲ್ಲ, ಹಳದಿ ಎಲ್ಲ ಕುಲದಲ್ಲೂ ಉಂಟು. ಲಿನೇಯಸ್ ಪಂಡಿತ 1753ರ ತನ್ನ ಗ್ರಂಥದಲ್ಲಿ ಕೇಸರಗಳನ್ನು ಎಣಿಸಿ ವರ್ಗ ನಿರ್ಣಯಿಸಿದ. ಫಲವೇನಾಯಿತು? ಪುಳ್ಳಂಪುರಚಿಗೂ ಹತ್ತು ಕೇಸರ, ನೆಗ್ಗಿಲುಮುಳ್ಳಿಗೂ ಹತ್ತು ಕೇಸರ. ಎರಡೂ ಒಂದೇ ಪಂಕ್ತಿಗೆ ಬಂದು ಕೂತವು. ಒಂದಕ್ಕೆ ಐದು ಶಲಾಕೆ, ಇನ್ನೊಂದಕ್ಕೆ ಒಂದೇ ಎಂದು ಆತ ನಡುವೆ ಅಡ್ಡಗೋಡೆ ಎಬ್ಬಿಸಿದ್ದು ನಿಜ. ಸ್ವೀಡನ್ನಿನಲ್ಲಿ ಬೂಟು ಮೆಟ್ಟಿದವನಿಗೆ ಅಷ್ಟು ಸಾಕು, ಇಲ್ಲಿ ಬರಿಗಾಲಲ್ಲಿ ಕುರಿ ಹೊಡೆಯುವವನಿಗೆ ಸಾಲದು. ಆದಕಾರಣ ನಮ್ಮ ಶಾಸ್ತ್ರದಲ್ಲಿ ಪ್ರಮಾಣಗಳು ಎರಡು: ನಾಲಿಗೆ, ಅಂಗಾಲು.

ನಾಲಿಗೆಯಿಂದ ಸಿದ್ಧವಾಗುವುದು ಪುಳ್ಳಂಪುರಚಿ, ಅಂದರೆ ಆಕ್ಸಾಲಿಸ್ ಕಾರ್ನಿಕ್ಯುಲೇಟಾ. ತೆವಳುವ ಕಾಂಡ, ಗಿಣ್ಣುಗಿಣ್ಣಿಗೂ ಬೇರು; ಕಿತ್ತೆನೆಂದು ಬೀಗಿದವನಿಗೆ ಮುಂದಿನ ವರ್ಷವೂ ದರ್ಶನ. ಎಲೆಗೆ ಮೂರು ಭಾಗ. ಮೆಂತ್ಯಕ್ಕೂ ಮೂರೇ ತಾನೇ ಎಂದು ದಾವಣಗೆರೆಯ ಪಂಡಿತರು ಆಕ್ಷೇಪಿಸಬಹುದು. ಆದರೆ ಮೆಂತ್ಯದ ತುದಿಯಲ್ಲಿ ಈ ಹೃದಯದಾಕಾರದ ಸೀಳಿಲ್ಲ, ಬಾಯಲ್ಲಿ ಈ ಹುಳಿಯೂ ಇಲ್ಲ. ಕತ್ತಲಾದರೆ ಎಲೆ ಮಡಚಿ ಮಲಗುತ್ತದೆ. ಐದೆಸಳಿನ ಹೂ ಉದುರಿದ ಮೇಲೆ ನೆಟ್ಟಗೆ ನಿಲ್ಲುವ ಐದು ಮೂಲೆಯ ಕಾಯಿ, ಬಲಿತಾಗ ಮುಟ್ಟಿದರೆ ಸಿಡಿದು ಸಂಶೋಧಕನ ಮೋರೆಗೇ ಬೀಜ ಎರಚುತ್ತದೆ. ಹುಳಿಗೆ ಕಾರಣ ಆಕ್ಸಾಲಿಕ್ ಆಮ್ಲ. ಮೂತ್ರಪಿಂಡದಲ್ಲಿ ಕಲ್ಲಿರುವವರು ದೂರ ನಿಂತೇ ವರ್ಗೀಕರಿಸತಕ್ಕದ್ದು.

ಅಂಗಾಲಿನಿಂದ ಸಿದ್ಧವಾಗುವುದು ನೆಗ್ಗಿಲು. ಎದುರುಬದುರು ಎಲೆ, ಆದರೆ ಜೋಡಿಯಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು, ಅಣ್ಣತಮ್ಮಂದಿರ ಪಾಲಿನಂತೆ. ಕಾಯಿ ಐದು ಹೋಳಾಗಿ ಒಡೆಯುತ್ತದೆ, ಹೋಳುಹೋಳಿಗೂ ಮುಳ್ಳು. ಚಪ್ಪಲಿ ಮೆಟ್ಟಿದವರ ವಿಷಯದಲ್ಲಿ ಸೈಕಲ್ ಟ್ಯೂಬಿನ ಸಾಕ್ಷ್ಯವೂ ಗ್ರಾಹ್ಯ. ಬಹುವಾರ್ಷಿಕವೆಂಬ ಬಿರುದು ಇದಕ್ಕೆ ಅಷ್ಟಾಗಿ ಒಪ್ಪದು, ಹೆಚ್ಚಾಗಿ ಒಂದೇ ವರ್ಷದ ಬಾಳು. ಚುಚ್ಚುವುದಕ್ಕೆ ಅಷ್ಟೇ ಧಾರಾಳವಾಯಿತು.

ಎರಡು ಪ್ರಮಾಣಕ್ಕೂ ಸಿಗದ್ದು ಗಬ್ಬು ಸಣ್ಣಶಾವಂತಿ, ಅಮೆರಿಕದ ಉಷ್ಣವಲಯದಿಂದ ಬಂದು ಇಲ್ಲೇ ಬೀಡುಬಿಟ್ಟ ಟ್ರೈಡಾಕ್ಸ್. ಒಂದೇ ಹೂವೆಂದು ಕಾಣುವುದು ಹೂಗಳ ಸಮೂಹ. ಅಂಚಿನ ಮಾಸಲು ಹಳದಿ ಎಸಳೂ ಒಂದೊಂದು ಹೂವೇ, ತುದಿಗೆ ಮೂರು ಹಲ್ಲು. ಇದರ ಎಲೆರಸವನ್ನು ಗಾಯಕ್ಕೆ ಹಿಂಡುವುದು ಹಳ್ಳಿಯ ರೂಢಿ. ನೆಗ್ಗಿಲು ಮೆಟ್ಟಿದವರು ಹುಡುಕುವುದು ಇದನ್ನೇ ಆದ್ದರಿಂದ ಅಂಗಾಲಿನ ಉಪವರ್ಗವೆಂದು ಸಾಧಿಸಲಾಗಿದೆ.

ಇನ್ನು ಹಕ್ಕರಕಿ. ಮುರಿದರೆ ಹಾಲು ಬರುತ್ತದೆ, ಪ್ರತಿ ಕಿರುಹೂವೂ ಪಟ್ಟಿಯಾಕಾರ, ತುದಿಗೆ ಐದು ಹಲ್ಲು. ಹೆಚ್ಚಿನ ಲಕ್ಷಣ ಬರೆಯುವ ಮೊದಲೇ ಮಾದರಿಯೆಲ್ಲ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿಯ ಜೊತೆ ಖರ್ಚಾದ ಕಾರಣ ಈ ಪ್ರಕರಣ ಅಪೂರ್ಣ.