ಸಂಬಳಕ್ಕೆ ಸೊಂಟ ಜೋಡಿಸುವ ಕೈಪಿಡಿ

ಮಾಲೀಕರ ಗಮನಕ್ಕೆ: ಜೋಡಣೆಗೆ ಮುನ್ನ ಪೂರ್ತಿ ಓದತಕ್ಕದ್ದು.

ಬೇಕಾಗುವ ಸಾಮಾನು: ತೂಕದ ಯಂತ್ರ, ಅಳತೆ ಟೇಪು, ಸಂಬಳಪಟ್ಟಿ. ಡಾಕ್ಟರು ಬೇಕಿಲ್ಲ.

ಹಂತ 1. ನೌಕರರ ತೂಕವನ್ನು (ಕಿಲೋದಲ್ಲಿ) ಎತ್ತರದ (ಮೀಟರಿನಲ್ಲಿ) ವರ್ಗದಿಂದ ಭಾಗಿಸಿ. ಇದೇ ಬಿಎಂಐ. 170 ಸೆಂ.ಮೀ. ಎತ್ತರದವರು 72 ಕಿಲೋ ಇದ್ದರೆ 25ರ ಒಳಗೆ, 73 ಆದರೆ ಹೊರಗೆ. ತೂಗುವ ದಿನ ಬೆಳಿಗ್ಗೆ ಮಸಾಲೆ ದೋಸೆ ತಿನ್ನಬಾರದೆಂದು ಮೊದಲೇ ಸುತ್ತೋಲೆ ಹೊರಡಿಸಿ. ಅರ್ಧ ತಿಂಗಳ ಸಂಬಳದ ಪ್ರಶ್ನೆ.

ಅರ್ಧ ತಿಂಗಳು ಎಂಬುದು ನನ್ನ ಕಲ್ಪನೆಯಲ್ಲ. 2022ರ ವಿಶ್ವ ಆರೋಗ್ಯ ದಿನದಂದು ಬೆಂಗಳೂರಿನ ಷೇರು ದಲ್ಲಾಳಿ ಕಂಪನಿ ಜೆರೋಧಾದ ಮುಖ್ಯಸ್ಥ ನಿತಿನ್ ಕಾಮತ್ ಪ್ರಕಟಿಸಿದ್ದೇ ಇದನ್ನು: ಬಿಎಂಐ 25ಕ್ಕಿಂತ ಕಡಿಮೆ ಇರುವವರಿಗೆ ಅರ್ಧ ತಿಂಗಳ ಸಂಬಳ ಬೋನಸ್. ತಂಡದ ಸರಾಸರಿ ಆಗ 25.3; ಆಗಸ್ಟ್ ಹೊತ್ತಿಗೆ ಅದು 24ಕ್ಕಿಂತ ಕೆಳಗಿಳಿದರೆ ಎಲ್ಲರಿಗೂ ಇನ್ನರ್ಧ. ಈ ಎರಡನೆಯ ಷರತ್ತಿನ ಸೊಗಸು ನೋಡಿ: ಪಕ್ಕದ ಮೇಜಿನವರು ತಿನ್ನುವ ಜಾಮೂನು ಇನ್ನು ನಿಮ್ಮ ಜೇಬಿನ ಲೆಕ್ಕ! ಬಿಎಂಐ ಅಷ್ಟೇನೂ ಒಳ್ಳೆಯ ಅಳತೆಯಲ್ಲ, ಶುರುಮಾಡಲು ಸುಲಭ ಅಷ್ಟೇ ಎಂದು ಕಾಮತರೇ ಒಪ್ಪಿದ್ದರು.

ಹಂತ 2. ಅಳತೆಯ ಬಗ್ಗೆ ತಕರಾರು ತೆಗೆಯುವವರಿಗೆ ಕಿವಿಗೊಡಬೇಡಿ. ಸೂತ್ರ ಕೊಟ್ಟ ಅಡಾಲ್ಫ್ ಕೆಟ್ಲೆ 19ನೇ ಶತಮಾನದ ಬೆಲ್ಜಿಯಂನ ಖಗೋಳಜ್ಞ. ಆತ ಹುಡುಕುತ್ತಿದ್ದುದು ಜನಸಮೂಹದ ಸರಾಸರಿಯನ್ನು, ನಿಮ್ಮ ಅಕೌಂಟೆಂಟರ ಹೊಟ್ಟೆಯನ್ನಲ್ಲ. ಯಾವುದು ಸ್ನಾಯು, ಯಾವುದು ಬೊಜ್ಜು ಎಂಬುದು ಸೂತ್ರಕ್ಕೆ ತಿಳಿಯದು. ಹಾಗಾಗಿ ಗರಡಿಯಲ್ಲಿ ಸಾಮು ಮಾಡಿದ ಪೈಲ್ವಾನ ಬೋನಸ್ ಕಳೆದುಕೊಂಡಾನು. ಕೈಕಾಲು ಕಡ್ಡಿ, ಹೊಟ್ಟೆ ಗುಡಾಣ, ಮೇಲೆ ಸಕ್ಕರೆ ಕಾಯಿಲೆ ಇರುವಾತ ಎಣಿಸಿಕೊಂಡು ಹೋದಾನು. ಭಾರತೀಯರಿಗೆ 23 ದಾಟಿದರೇ ಅಪಾಯ ಎಂದು ಡಾಕ್ಟರು ಹೇಳಬಂದರೆ, ಸಂಬಳಪಟ್ಟಿ ಆಗಲೇ ಬ್ಯಾಂಕಿಗೆ ಹೋಯಿತೆನ್ನಿ.

ಹಂತ 3. ಥೈರಾಯ್ಡ್, ಬಾಣಂತನ, ಸ್ಟೆರಾಯ್ಡ್ ಮಾತ್ರೆ, ಮುರಿದ ಮಂಡಿ: ಇವಕ್ಕೆ ಪಟ್ಟಿಯಲ್ಲಿ ಕಾಲಂ ಇಲ್ಲ. ವಿನಾಯಿತಿ ಬೇಕಾದವರು ಎಚ್‌.ಆರ್. ಮುಂದೆ ನಿಂತು ತಮ್ಮ ಕಾಯಿಲೆಯನ್ನು ಬಿಡಿಸಿ ಹೇಳಿಕೊಳ್ಳಲಿ.

ಹಂತ 4. ತೂಕದ ಬದಲು ಚಟುವಟಿಕೆಯನ್ನೂ ಎಣಿಸಬಹುದು. ಜೆರೋಧಾ ಅದೇ ವರ್ಷ ಆ ದಾರಿಯನ್ನೂ ಹಿಡಿಯಿತು: ವರ್ಷದ 90% ದಿನಗಳಲ್ಲಿ ಚಟುವಟಿಕೆಯ ಗುರಿ ಮುಟ್ಟಿದವರಿಗೆ ಒಂದು ತಿಂಗಳ ಸಂಬಳ, ಒಬ್ಬ ಅದೃಷ್ಟವಂತರಿಗೆ 10 ಲಕ್ಷ ರೂಪಾಯಿ. ಇದು ವಾಸಿ, ಬೆವರು ಸುರಿಸಿದವರಿಗೆ ಸಿಗುತ್ತದೆ. ಹೆಜ್ಜೆ ಎಣಿಸುವ ಕೈಪಟ್ಟಿಯನ್ನು ಮಗನ ಕೈಗೆ ಕಟ್ಟಿ ಆಟಕ್ಕೆ ಬಿಟ್ಟವರಿಗೂ ಸಿಗುತ್ತದೆ.

ದೋಷ ನಿವಾರಣೆ: ಏನು ಮಾಡಿದರೂ ನೌಕರರ ತೂಕ ಇಳಿಯುತ್ತಿಲ್ಲವೇ? ಹಗಲಿಡೀ ಕುರ್ಚಿ, ಸಂಜೆ ಸಿಲ್ಕ್ ಬೋರ್ಡ್ ಟ್ರಾಫಿಕ್ಕು, ರಾತ್ರಿ ಊಟದ ತಟ್ಟೆಯ ಮುಂದೆ ನಿಮ್ಮದೇ ಕಾಲ್. ಈ ಭಾಗಗಳಿಗೆ ಗ್ಯಾರಂಟಿ ಇಲ್ಲ.

ಕೊನೆಗೊಂದು ಮಾತು, ಸ್ವಾಮಿ. ಬೋನಸ್ಸನ್ನು ಕೆಲಸ ನೋಡಿ ಕೊಡಿ. ನೌಕರರ ಆರೋಗ್ಯದ ಚಿಂತೆ ನಿಜವಾಗಿಯೂ ಕಾಡುತ್ತಿದ್ದರೆ ಸಂಜೆ ಆರಕ್ಕೆ ಮನೆಗೆ ಬಿಡಿ, ಆಮೇಲೆ ಫೋನ್ ಮಾಡಬೇಡಿ.